ಸೂರು ಅಂಟಿಸಬೇಡಿ: ಕಾಗದದಲ್ಲಿ ಕಟ್ಟಿದ ಸ್ಕಾಟ್ಲೆಂಡಿನ ಹಳ್ಳಿಮನೆ

ಕತ್ತರಿಸಿ, ಮಡಚಿ, ಅಂಟಿಸಿ ಪುಟ್ಟ ಮನೆ ಮಾಡುವ ಹವ್ಯಾಸಕ್ಕೆ ಯುರೋಪಿನಲ್ಲಿ ದೊಡ್ಡ ಇತಿಹಾಸವೇ ಇದೆ. ಫ್ರಾನ್ಸಿನ ಎಪಿನಾಲ್ ಊರಿನ ಪೆಲ್ಲೆರಾಂ ಮುದ್ರಣಾಲಯ ಮತ್ತು ಜರ್ಮನಿಯ ಎಸ್ಲಿಂಗೆನ್ನಿನ ಶ್ರೈಬರ್ ಪ್ರಕಾಶನ 19ನೇ ಶತಮಾನದಲ್ಲೇ ಇಂಥ ಹಾಳೆಗಳನ್ನು ಮುದ್ರಿಸಿ ಮಾರುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಜೆಫ್ರಿ ಹೈವೇ ಎಂಬಾತ 'ಮೈಕ್ರೋಮಾಡೆಲ್ಸ್' ಹೆಸರಿನಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಹಾಳೆಗಳನ್ನು ತಂದ. ಮಕ್ಕಳ ಆಟ ಎಂದು ಇದನ್ನು ಪಕ್ಕಕ್ಕಿಡುವ ಹಾಗಿಲ್ಲ. ಒಂದು ಮನೆಯನ್ನು ಕಾಗದದಲ್ಲಿ ಕಟ್ಟಬೇಕಾದರೆ ಅದರ ಪ್ರತಿಯೊಂದು ಗೋಡೆಯೂ ಯಾಕೆ ಹಾಗಿದೆ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಸ್ಕಾಟ್ಲೆಂಡಿನ ಮನೆಗಳ ವಿಷಯದಲ್ಲಿ ಆ ಪ್ರಶ್ನೆ ನಮ್ಮನ್ನು ನೇರವಾಗಿ ಜಮೀನಿನ ಇತಿಹಾಸಕ್ಕೆ ಕರೆದೊಯ್ಯುತ್ತದೆ.

ಮೊದಲು ಸುಲಭದ ಮನೆ ನೋಡೋಣ. ಫೈಫ್ ಸೀಮೆಯ ಕುರಸ್ ಊರಿನಲ್ಲಿ ಕಲ್ಲಿದ್ದಲು ವ್ಯಾಪಾರಿ ಜಾರ್ಜ್ ಬ್ರೂಸ್ 1597ರಿಂದ 1611ರವರೆಗೆ ಕಟ್ಟಿಸಿದ ಮನೆಯೊಂದಿದೆ. ಅರಮನೆ ಎಂದೇ ಅದರ ಹೆಸರು. ಹಳದಿ ಬಣ್ಣದ ಗೋಡೆ, ಕೆಂಪು ಹೆಂಚು. ತುದಿಯ ತ್ರಿಕೋನ ಗೋಡೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮರ ಬಾಲ್ಟಿಕ್ ಕಡೆಯಿಂದ ಬಂತು, ನೆಲದ ಬಿಲ್ಲೆಗಳು ಹಾಲೆಂಡಿನಿಂದ ಬಂದವು. ಇಂಥ ಮನೆ ಕಾಗದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎಲ್ಲವೂ ನೇರ ಗೆರೆ. ಸ್ಕೇಲ್ ಇಟ್ಟು ಗೆರೆ ಎಳೆದು ಮಡಚಿದರೆ ಆಯಿತು.

ಕಷ್ಟದ ಮನೆ ಇರುವುದು ವಾಯವ್ಯದ ಲೂಯಿಸ್ ದ್ವೀಪದಲ್ಲಿ. ಅದನ್ನು ಗೇಲಿಕ್ ಭಾಷೆಯಲ್ಲಿ 'ಕಪ್ಪು ಮನೆ' ಎನ್ನುತ್ತಾರೆ. ಆಮೇಲೆ ಬಂದ ಗಾರೆ ಗೋಡೆಯ ಹೊಸ ಮಾದರಿಗೆ 'ಬಿಳಿ ಮನೆ' ಎಂದು ಹೆಸರು. ಕಪ್ಪು ಮನೆಯಲ್ಲಿ ಕಾಗದಕ್ಕೆ ಒಗ್ಗುವ ಒಂದು ಮೂಲೆಯೂ ಇಲ್ಲ, ಎಲ್ಲ ದುಂಡಗೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಎರಡು ಗೋಡೆ, ನಡುವೆ ಮಣ್ಣು. ಒಟ್ಟು ದಪ್ಪ ಸುಮಾರು ಒಂದೂವರೆ ಮೀಟರ್, ಕೆಲವೆಡೆ ಇನ್ನೂ ಹೆಚ್ಚು.

ನೂರರಲ್ಲಿ ಒಂದು ಅಳತೆಯಲ್ಲಿ ಮಾಡಿದರೆ ಗೋಡೆ ಒಂದೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ. ಒಂದೇ ಹಾಳೆ ಮಡಚಿದರೆ ಸಾಲದು. ದಪ್ಪ ಡ್ರಾಯಿಂಗ್ ಶೀಟಿನ ಎರಡು ಪಟ್ಟಿ ಬೇಕು, ಒಂದು ಒಳಗೋಡೆಗೆ, ಇನ್ನೊಂದು ಹೊರಗೋಡೆಗೆ. ಮೂಲೆಯಲ್ಲಿ ಮಡಚದೆ ಬಾಗಿಸಬೇಕು. ಅಂಟಿಸುವ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿಕೊಂಡರೆ ದುಂಡನೆಯ ತಿರುವಿನಲ್ಲೂ ಅದು ಕೂರುತ್ತದೆ. ಎರಡರ ನಡುವಿನ ಸಂದಿಗೆ ಹಳೆಯ ಪತ್ರಿಕೆಯ ಚೂರು ತುಂಬಬಹುದು.

ಸೂರು ಇಡುವಾಗ ನಿಜವಾದ ಪ್ರಶ್ನೆ ಎದುರಾಗುತ್ತದೆ. ನಮ್ಮ ಕೈ ತಾನಾಗಿಯೇ ಅದನ್ನು ಹೊರಗೋಡೆಯ ಆಚೆಗೆ ಚಾಚಲು ಹೋಗುತ್ತದೆ, ಮಳೆನೀರು ಗೋಡೆಗೆ ತಾಗಬಾರದಲ್ಲ. ಕಪ್ಪು ಮನೆಯಲ್ಲಿ ಹಾಗಿಲ್ಲ. ಸೂರು ಒಳಗೋಡೆಯ ಮೇಲೆ ಕೂತಿದೆ, ಹೊರಗೆ ಗೋಡೆಯ ತಲೆ ಜಗುಲಿಯಂತೆ ತೆರೆದಿದೆ. ಹುಲ್ಲಿನಿಂದ ಇಳಿದ ನೀರು ಆ ತಲೆಯ ಮೇಲೆ ಬಿದ್ದು ನಡುವಿನ ಮಣ್ಣಿನಲ್ಲಿ ಇಂಗುತ್ತದೆ. ಅಟ್ಲಾಂಟಿಕ್ ಸಾಗರದ ಗಾಳಿಗೆ ಚಾಚಿದ ಸೂರು ಸಿಕ್ಕರೆ ಎತ್ತಿ ಒಗೆಯುತ್ತದೆ. ಆದ್ದರಿಂದ ಸೂರನ್ನು ಗೋಡೆಯ ಮರೆಗೆ ತಂದು, ಹಗ್ಗ ಬಿಗಿದು, ತುದಿಗೆ ಕಲ್ಲು ಕಟ್ಟಿದರು. ಮಾದರಿಯಲ್ಲಿ ಹಗ್ಗಕ್ಕೆ ದಾರ, ಕಲ್ಲಿಗೆ ಸಾಸಿವೆ ಕಾಳು ಸರಿಹೋಗುತ್ತದೆ.

ಚಿಮಣಿ ಮಾಡಲು ಕಾಗದ ಎತ್ತಿಡುವುದು ಬೇಡ, ಅದು ಇಲ್ಲ. ನೆಲದ ನಡುವೆ ಪೀಟ್ ಎಂಬ, ಜವುಗಿನಿಂದ ಕತ್ತರಿಸಿ ಒಣಗಿಸಿದ ಮಣ್ಣಿನಂಥ ಉರುವಲಿನ ಬೆಂಕಿ. ಹೊಗೆ ಹುಲ್ಲಿನ ನಡುವೆಯೇ ನುಸುಳಿ ಹೊರಹೋಗಬೇಕು. ಮಸಿ ಹಿಡಿದ ಹಳೆಯ ಹುಲ್ಲನ್ನು ಕಿತ್ತು ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಮನುಷ್ಯರಿಗೂ ದನಗಳಿಗೂ ಒಂದೇ ಸೂರು, ಕೊಟ್ಟಿಗೆ ಮನೆಯ ಕೆಳಬದಿಗೆ. ಆರ್ನೊಲ್ ಹಳ್ಳಿಯ 42ನೇ ನಂಬರಿನ ಕಪ್ಪು ಮನೆಯಲ್ಲಿ 1960ರ ದಶಕದ ನಡುಭಾಗದವರೆಗೂ ಜನ ವಾಸವಿದ್ದರು. ಈಗ ಅದು ಸಂರಕ್ಷಿತ ಸ್ಮಾರಕ. ಗೆರನಿನ್ ಹಳ್ಳಿಯ ಇಂಥ ಮನೆಗಳನ್ನು ಕೊನೆಯವರು ಬಿಟ್ಟದ್ದು 1974ರಲ್ಲಿ.

ಕರ್ನಾಟಕದವರಿಗೆ ಈ ದ್ವೀಪ ತೀರಾ ಅಪರಿಚಿತವಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯ ಸರ್ವೇ ನಡೆಸಿದ, ಕೈಫಿಯತ್ತು ಮತ್ತು ಶಾಸನಗಳ ಪ್ರತಿ ಮಾಡಿಸಿಟ್ಟ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೋವೇಯಲ್ಲಿ, 1754ರಲ್ಲಿ. 1815ರಲ್ಲಿ ಅವನು ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನು ಇಲ್ಲಿ ನಮ್ಮ ಹಳ್ಳಿಗಳ ಲೆಕ್ಕ ಬರೆಸುತ್ತಿದ್ದ ವರ್ಷಗಳಲ್ಲೇ ಅವನ ನಾಡಿನ ಉತ್ತರ ಭಾಗದಲ್ಲಿ ಹಳ್ಳಿಗಳು ಖಾಲಿಯಾಗುತ್ತಿದ್ದವು.

ಆ ಕಥೆಗೆ ಮರದ ವಿಷಯ ಗೊತ್ತಿರಬೇಕು. ಉತ್ತರದ ಈ ಸೀಮೆಗಳಲ್ಲಿ ಕಲ್ಲು ಮಣ್ಣಿಗೆ ಬರವಿಲ್ಲ, ಮರಕ್ಕೆ ಬರ. ಲೂಯಿಸ್‌ನಲ್ಲಿ ಕಡಲು ತಂದೆಸೆದ ದಿಮ್ಮಿಯೂ ತೊಲೆಯಾಗುತ್ತಿತ್ತು. ಮನೆ ಬದಲಿಸುವವರು ಗೋಡೆ ಬಿಟ್ಟು ಸೂರಿನ ಮರಗಳನ್ನು ಹೊತ್ತೊಯ್ಯುತ್ತಿದ್ದರು. ಹೊಸ ಜಾಗದಲ್ಲಿ ಅವೇ ಮನೆ.

ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳ ರೂಪ ಸ್ವಲ್ಪ ಬೇರೆ. ಕಲ್ಲಿನ ಪಾಯ, ಹುಲ್ಲುಬೇರು ಸಮೇತ ಕತ್ತರಿಸಿದ ಮಣ್ಣುಹೆಂಟೆಯ ಗೋಡೆ, ಸೂರಿನ ಭಾರ ಹೊರುವ ಬಾಗಿದ ಮರದ ಜೋಡಿಗಳು. ಕುರಿ ಸಾಕಣೆಗೆ ಜಮೀನು ಬೇಕೆಂದು ಎಸ್ಟೇಟು 1814ರಲ್ಲಿ ಗೇಣಿದಾರರನ್ನು ಒಕ್ಕಲೆಬ್ಬಿಸಿತು. ಎಸ್ಟೇಟಿನ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್. ಕುರಿಗಾಗಿ ಆ ಜಮೀನನ್ನು ಗುತ್ತಿಗೆ ಹಿಡಿದವನೂ ಅವನೇ. ಜನ ಮರಳಿ ಬಾರದಿರಲೆಂದು ಸೂರಿನ ಮರಗಳಿಗೆ ಬೆಂಕಿ ಇಡಲಾಯಿತು. 1816ರಲ್ಲಿ ಇನ್ವರ್ನೆಸ್‌ನಲ್ಲಿ ಸೆಲ್ಲರ್‌ನ ವಿಚಾರಣೆ ನಡೆದು ಅವನು ಖುಲಾಸೆಯಾದ. 1819ರಲ್ಲಿ ಅದೇ ಕಣಿವೆಯಲ್ಲಿ ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಒಕ್ಕಲೆಬ್ಬಿಸಿದರು. ಗೋಡೆ ಕೆಡವುವ ಶ್ರಮ ಬೇಕಿರಲಿಲ್ಲ. ಮರ ಸುಟ್ಟರೆ ಮನೆಯೇ ಹೋದಂತೆ.

ಸಣ್ಣ ಗೇಣಿದಾರರಿಗೆ ಭೂಮಿಯ ಭದ್ರತೆ ಸಿಕ್ಕಿದ್ದು 1886ರ ಕಾಯ್ದೆಯಿಂದ. ಬಿಟ್ಟು ಹೋಗಬೇಕಾದರೆ ತಾವು ಮಾಡಿದ ಸುಧಾರಣೆಗೆ ಪರಿಹಾರ ಕೇಳುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿತು. ಅದಕ್ಕೆ ಮೊದಲು, ನಾಳೆ ಎಬ್ಬಿಸಬಹುದಾದ ಜಾಗದಲ್ಲಿ ಗಾರೆಯ ಗೋಡೆ, ಗಾಜಿನ ಕಿಟಕಿ ಯಾರು ಹಾಕಿಸುತ್ತಾರೆ? ಕಪ್ಪು ಮನೆಗಳನ್ನು ನೋಡಿ ಹೊರಗಿನವರು ಹಿಂದುಳಿದ ಜನ ಎಂದರು. ಆ ಮನೆಯಲ್ಲಿ ಗಾಳಿ ಮಳೆಯನ್ನು ಬಲ್ಲ ಜಾಣ್ಮೆಯೂ ಇತ್ತು, ಗೇಣಿಯ ಅಭದ್ರತೆಯೂ ಇತ್ತು.

ಸಿರಿವಂತರ ಮನೆಗಳು ತಾವಾಗಿಯೇ ಉಳಿದವು. ಬಡವರದ್ದನ್ನು ಯಾರಾದರೂ ಎತ್ತಿಡಬೇಕಾಯಿತು. ಇಸಬೆಲ್ ಗ್ರಾಂಟ್ ಎಂಬ ಇತಿಹಾಸಕಾರ್ತಿ 1935ರಲ್ಲಿ ಐಯೋನಾ ದ್ವೀಪದಲ್ಲಿ ಹಳ್ಳಿಗರ ಬಳಕೆಯ ವಸ್ತುಗಳ ಸಂಗ್ರಹಾಲಯ ತೆರೆದರು. ಅದಕ್ಕೆ ಗೇಲಿಕ್‌ನಲ್ಲಿ 'ಆಸರೆ' ಎಂಬರ್ಥದ ಹೆಸರಿಟ್ಟರು. ಅದೇ ಇಂದಿನ ಹೈಲ್ಯಾಂಡ್ ಜಾನಪದ ವಸ್ತುಸಂಗ್ರಹಾಲಯ. ಅದರ ನ್ಯೂಟನ್‌ಮೋರ್ ಆವರಣದಲ್ಲಿ ಮಣ್ಣುಹೆಂಟೆ ಗೋಡೆಯ ಇಡೀ ಹಳ್ಳಿಯೊಂದನ್ನು ನಿಜ ಅಳತೆಯಲ್ಲೇ ಮತ್ತೆ ಕಟ್ಟಿದ್ದಾರೆ.

ಶಾಲೆಯಲ್ಲಿ ಈ ಮಾದರಿ ಮಾಡಿಸುವ ಮೇಷ್ಟ್ರುಗಳಿಗೆ ನಮ್ಮದೊಂದು ಸಲಹೆ: ಎಲ್ಲ ಅಂಟಿಸಿ, ಸೂರನ್ನು ಮಾತ್ರ ಅಂಟಿಸಬೇಡಿ. ಎತ್ತಿ ತೆಗೆಯುವಂತೆ ಬಿಡಿ. ಇಟ್ಟಾಗ ಆರ್ನೊಲ್‌ನ ಮನೆ ಕಾಣುತ್ತದೆ. ತೆಗೆದಾಗ ಉಳಿಯುವುದು ಗೋಡೆಯ ಸುತ್ತು ಮತ್ತು ಅದರೊಳಗಿನ ಖಾಲಿ ಜಾಗ. ಸ್ಟ್ರಾತ್‌ನೇವರ್‌ನ ರೋಸಲ್ ಎಂಬ ಹಳ್ಳಿಯಲ್ಲಿ ಇಂದು ಕಾಣುವುದು ಅಷ್ಟೂ ಅಲ್ಲ, ಹುಲ್ಲು ಮುಚ್ಚಿದ ಪಾಯದ ಕಲ್ಲುಗಳು.