ಪೋರ್ಚುಗಲ್‌ನ ಐತಿಹಾಸಿಕ ಮತ್ತು ಸಾಂಸ್ಕೃತಿಕ ತಾಣಗಳು

ಯುರೋಪಿನ ನೈಋತ್ಯ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿರುವ ಪೋರ್ಚುಗಲ್‌ನ ಹೆಸರಾಂತ ಸ್ಮಾರಕಗಳಲ್ಲಿ ಹಲವು ಎದ್ದುನಿಂತದ್ದು ಕಡಲ ವ್ಯಾಪಾರದ ಹಣದಿಂದ. ಭಾರತದಿಂದ ಹೋದವರು ಇವುಗಳಲ್ಲಿ ಮೊದಲು ನೋಡಬೇಕಾದದ್ದು ರಾಜಧಾನಿ ಲಿಸ್ಬನ್‌ನ ಬೆಲೆಂ ಪ್ರದೇಶವನ್ನು. ದೊರೆ ಒಂದನೆಯ ಮನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕಟ್ಟಿಸತೊಡಗಿದ ಜೆರೋನಿಮೋಸ್ ಮಠಕ್ಕೆ, ಆಫ್ರಿಕಾ ಮತ್ತು ಪೂರ್ವದೇಶಗಳಿಂದ ಬಂದ ಸರಕಿನ ಮೇಲೆ ಹೇರಿದ ತೆರಿಗೆಯೇ ಬಂಡವಾಳ. ನಮ್ಮ ಕರಾವಳಿಯ ಮೆಣಸಿಗೆ ಇಲ್ಲಿನ ಕಲ್ಲುಗಳಲ್ಲಿ ಪಾಲಿದೆ. ಕಂಬ, ಕಮಾನುಗಳ ಮೇಲೆ ಹಡಗಿನ ಹಗ್ಗ, ಗಂಟು, ಕಡಲಜೀವಿಗಳ ಕೆತ್ತನೆ ತುಂಬಿದೆ. ಈ ಶೈಲಿಗೆ ದೊರೆಯ ಹೆಸರಿನಿಂದಲೇ ಮನುಯೆಲಿನ್ ಎನ್ನುತ್ತಾರೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನ ಸಮಾಧಿ ಇರುವುದೂ ಇಲ್ಲೇ.

ಸಮೀಪದ ಬೆಲೆಂ ಗೋಪುರದಲ್ಲಿ ಕಾವಲುಗೂಡೊಂದರ ಬುಡವನ್ನು ತಪ್ಪದೆ ಗಮನಿಸಬೇಕು. ಗಾಳಿ ಮಳೆಗೆ ಸವೆದ ಖಡ್ಗಮೃಗದ ತಲೆಯೊಂದು ಅಲ್ಲಿದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾಹ ಕೊಟ್ಟ ಖಡ್ಗಮೃಗ 1515ರಲ್ಲಿ ಗೋವೆಯಿಂದ ಹಡಗೇರಿ ಲಿಸ್ಬನ್ ಸೇರಿತ್ತು. ಮನುಯೆಲ್ ಅದನ್ನು ಪೋಪರಿಗೆ ಉಡುಗೊರೆಯಾಗಿ ಕಳಿಸಿದಾಗ ಹಡಗು ಇಟಲಿಯ ಬಳಿ ಮುಳುಗಿ ಪ್ರಾಣಿ ಸತ್ತಿತು. ಮಠ ಮತ್ತು ಗೋಪುರ ಎರಡೂ 1983ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

1755ರ ನವೆಂಬರ್ 1ರ ಭೂಕಂಪ, ಅದರ ಬೆನ್ನಿಗೇ ಬಂದ ಸುನಾಮಿ ಮತ್ತು ಬೆಂಕಿ ಲಿಸ್ಬನ್‌ನ ಬಹುಭಾಗವನ್ನು ನಾಶಮಾಡಿದವು. ಕಾರ್ಮೋ ಮಠದ ಚರ್ಚು ಇಂದಿಗೂ ಚಾವಣಿಯಿಲ್ಲದೆ, ಬರೀ ಕಮಾನುಗಳೊಂದಿಗೆ ನಿಂತಿದೆ. ಅಳಿದುಹೋದ ನಗರ ಹೇಗಿತ್ತೆಂದು ತಿಳಿಯಲು ರಾಷ್ಟ್ರೀಯ ಹೆಂಚು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು: ಭೂಕಂಪಕ್ಕೆ ಮುಂಚಿನ ನದೀತೀರದ ಉದ್ದಕ್ಕೂ ಇದ್ದ ಅರಮನೆ, ಚರ್ಚು, ಮನೆಗಳನ್ನು ಸುಮಾರು 23 ಮೀಟರ್ ಉದ್ದದ ನೀಲಿ-ಬಿಳಿ ಹೆಂಚುಗಳ ಫಲಕದಲ್ಲಿ ಚಿತ್ರಿಸಲಾಗಿದೆ. ‘ಅಜುಲೇಜು’ ಎಂಬ ಈ ಬಣ್ಣದ ಹೆಂಚು ದೇಶದ ಚರ್ಚು, ಮನೆಗೋಡೆ, ರೈಲು ನಿಲ್ದಾಣಗಳಲ್ಲೆಲ್ಲ ಕಾಣುತ್ತದೆ. ಪೋರ್ಟೋ ನಗರದ ಸಾವ್ ಬೆಂಟೋ ನಿಲ್ದಾಣ ಇದಕ್ಕೆ ಸೊಗಸಾದ ಉದಾಹರಣೆ.

ಲಿಸ್ಬನ್‌ನಿಂದಾಚೆ, ಎವೊರಾ ಪಟ್ಟಣದಲ್ಲಿ ರೋಮನ್ ದೇವಾಲಯದ ಕಂಬಗಳೂ ಮನುಷ್ಯರ ಮೂಳೆಗಳಿಂದ ಗೋಡೆ ಮುಚ್ಚಿದ ಪ್ರಾರ್ಥನಾಮಂದಿರವೂ ಇವೆ. ತೊಮಾರ್‌ನಲ್ಲಿ ಟೆಂಪ್ಲರ್ ಯೋಧರ ಕೋಟೆ-ಮಠ, ಸಿಂಟ್ರಾದಲ್ಲಿ 19ನೆಯ ಶತಮಾನದ ಪೆನಾ ಅರಮನೆ ಇದೆ. 1290ರಲ್ಲಿ ಸ್ಥಾಪನೆಯಾದ ಕೊಯಿಂಬ್ರಾ ವಿಶ್ವವಿದ್ಯಾಲಯದ ಜೊವಾನಿನಾ ಗ್ರಂಥಾಲಯದಲ್ಲಿ ಪುಸ್ತಕ ತಿನ್ನುವ ಹುಳುಗಳನ್ನು ಬಾವಲಿಗಳು ಹಿಡಿದು ತಿನ್ನುತ್ತವೆ. ಅವುಗಳ ಹಿಕ್ಕೆ ಬೀಳದಂತೆ ಸಿಬ್ಬಂದಿ ಪ್ರತಿರಾತ್ರಿ ಹಳೆಯ ಮೇಜುಗಳಿಗೆ ಚರ್ಮದ ಹೊದಿಕೆ ಹಾಸುತ್ತಾರೆ. 2011ರಲ್ಲಿ ಯುನೆಸ್ಕೋ ಮನ್ನಣೆ ಪಡೆದ ಫಾದು ಗಾಯನವನ್ನು ಕೇಳಲು ಲಿಸ್ಬನ್‌ನ ಹಳೆಯ ಅಲ್ಫಾಮಾ ಕೇರಿಯೇ ಸರಿಯಾದ ಜಾಗ.