ಸಾರ್ಡಿನ್ ಡಬ್ಬಿಯ ರುಚಿ, ದುವಾರ್ನೆನೆ ಹೆಂಗಸರ ಮುಷ್ಕರ

ಇವತ್ತು ಒಂದು ಸಣ್ಣ ತಗಡಿನ ಡಬ್ಬಿಯ ಕಥೆ. ಒಳಗಿರೋದು ಸಾರ್ಡಿನ್, ನಮ್ಮ ಕರಾವಳಿಯ ಬೂತಾಯಿಯ ನೆಂಟ. ಫ್ರಾನ್ಸ್‌ನಲ್ಲಿ ಇದನ್ನ ವೈನ್ ಥರ ಇಸವಿ ನೋಡಿ ಕೊಳ್ಳೋರಿದ್ದಾರೆ ಗೊತ್ತಾ? ಮೀನು ಹಿಡಿದ ವರ್ಷ ಡಬ್ಬಿ ಮೇಲೇ ಇರುತ್ತೆ. ಅದನ್ನ ವರ್ಷಗಟ್ಟಲೆ ಇಟ್ಟು, ಆಗಾಗ ಮಗುಚಿ ಹಾಕ್ತಾರೆ. ಎಣ್ಣೆ ನಿಧಾನಕ್ಕೆ ಮೀನಿನೊಳಗೆ ಇಳಿದು ರುಚಿ ಮೆತ್ತಗಾಗಲಿ ಅಂತ.

ಒಳ್ಳೆ ಡಬ್ಬಿ ಅಂತ ಹೇಳೋದು ಹೇಗೆ? ಮೊದಲು ಕಣ್ಣು. ಬೆಳ್ಳಿ ಬಣ್ಣದ ಚರ್ಮ ಹರಿದಿರಬಾರದು, ಹೊಟ್ಟೆ ಒಡೆದಿರಬಾರದು, ಮೀನುಗಳು ಒತ್ತಾಗಿ, ಸಾಲಾಗಿ ಮಲಗಿರಬೇಕು. ಆಮೇಲೆ ಮೂಗು: ಎಣ್ಣೆಗೆ ಕಮಟು ವಾಸನೆ ಇರಬಾರದು. ಕೊನೆಗೆ ನಾಲಿಗೆ: ಮಾಂಸ ಗಟ್ಟಿಯಾಗಿದ್ದು ಪದರ ಪದರವಾಗಿ ಬಿಡಿಸಿಕೊಳ್ಳಬೇಕು, ಮುಳ್ಳು ಮಾತ್ರ ಹಾಗೇ ಅಗಿದು ನುಂಗುವಷ್ಟು ಮೆದುವಾಗಿರಬೇಕು.

ಈ ಗುಣಗಳಲ್ಲಿ ಸಮುದ್ರದ ಪಾಲು ಸ್ವಲ್ಪ. ಉಳಿದದ್ದು ಕೈಕೆಲಸ. ಆ ಕೈ ಯಾರದ್ದು?

ಆಹಾರವನ್ನ ಮುಚ್ಚಿ, ಕುದಿಸಿ ಕೆಡದಂತೆ ಇಡುವ ವಿಧಾನವನ್ನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ. ಅವನು ಬಳಸಿದ್ದು ಗಾಜಿನ ಬಾಟಲಿ. 1820ರ ದಶಕದಲ್ಲಿ ನಾಂತ್ ಊರಿನ ಜೋಸೆಫ್ ಕೊಲಾಂ ಸಾರ್ಡಿನ್‌ಗಳನ್ನ ಎಣ್ಣೆ ಹಾಕಿ ತಗಡಿನ ಡಬ್ಬಿಗೆ ತುಂಬಿ ಮಾರೋಕೆ ಶುರುಮಾಡಿದ. ಅಲ್ಲಿಂದ ಬ್ರಿಟನಿ ಕರಾವಳಿ ತುಂಬಾ ಕಾರ್ಖಾನೆಗಳೆದ್ದವು. ಅದರಲ್ಲಿ ಹೆಸರುವಾಸಿ ಊರು ದುವಾರ್ನೆನೆ.

ಅಲ್ಲಿ ಗಂಡಸರು ದೋಣಿಯಲ್ಲಿ, ಹೆಂಗಸರು ಕಾರ್ಖಾನೆಯಲ್ಲಿ. ತಲೆ ಕತ್ತರಿಸಿ ಕರುಳು ತೆಗೆಯೋದು, ಉಪ್ಪುನೀರಲ್ಲಿ ನೆನೆಸೋದು, ತೊಳೆದು ಒಣಗಿಸೋದು, ಎಣ್ಣೆಯಲ್ಲಿ ಕರಿಯೋದು, ಚರ್ಮ ಹರಿಯದಂತೆ ಒಂದೊಂದಾಗಿ ಡಬ್ಬಿಯಲ್ಲಿ ಜೋಡಿಸೋದು. ಇವರನ್ನ ‘ಪೆನ್ ಸಾರ್ದಿನ್’ ಅಂತಿದ್ರು. ಬ್ರೆಟನ್ ಭಾಷೆಯಲ್ಲಿ ‘ಸಾರ್ಡಿನ್ ತಲೆ’ ಅಂತ ಅರ್ಥ. ಮೀನು ಕಾಯೋದಿಲ್ವಲ್ಲ! ಹಾಗಾಗಿ ದೋಣಿ ಬಂದ ಹೊತ್ತೇ ಕೆಲಸದ ಹೊತ್ತು, ನಡುರಾತ್ರಿಯಾದರೂ ಸರಿ. ಎಳೇ ಹುಡುಗಿಯರೂ ದುಡೀತಿದ್ರು. ಕೂಲಿ ಗಂಟೆಗೆ 80 ಸಾಂತೀಮ್, ಅಂದ್ರೆ ಒಂದು ಫ್ರಾಂಕ್ ಕೂಡ ಇಲ್ಲ.

1924ರ ನವೆಂಬರ್‌ನಲ್ಲಿ ಅವರು ಕೆಲಸ ನಿಲ್ಲಿಸಿದ್ರು. ಕೇಳಿದ್ದು ಗಂಟೆಗೆ 1.25 ಫ್ರಾಂಕ್. ಮುಷ್ಕರ ಸುಮಾರು ಆರು ವಾರ ನಡೀತು. ಊರಿನ ಕಮ್ಯುನಿಸ್ಟ್ ಮೇಯರ್ ದಾನಿಯೆಲ್ ಲ ಫ್ಲಾಂಶೆಕ್ ಅವರ ಜೊತೆಗೆ ನಿಂತ. 1925ರ ಜನವರಿ 1ರಂದು, ಮುಷ್ಕರ ಮುರಿಯೋಕೆ ಬಂದವರು ಅವನಿಗೆ ಗುಂಡು ಹೊಡೆದ್ರು. ಗಾಯವಾಯ್ತು, ಪ್ರಾಣ ಉಳೀತು. ಈ ಘಟನೆ ದೇಶವನ್ನೇ ಕೆರಳಿಸಿತು. ಕೆಲವೇ ದಿನಗಳಲ್ಲಿ ಮಾಲೀಕರು ಮಾತುಕತೆಗೆ ಬಂದ್ರು. ಕೇಳಿದಷ್ಟೂ ಸಿಗಲಿಲ್ಲ. ಆದರೆ ಗಂಟೆಗೆ 1 ಫ್ರಾಂಕ್ ಆಯ್ತು, ರಾತ್ರಿ ಕೆಲಸಕ್ಕೆ ಹೆಚ್ಚಿನ ಕೂಲಿಯೂ ಬಂತು.

ಅದೇ ವರ್ಷ ಮೇ ತಿಂಗಳಲ್ಲಿ ಜೋಸೆಫೀನ್ ಪೆಂಕಾಲೆ ಎಂಬ ಸಾರ್ಡಿನ್ ಕಾರ್ಮಿಕಳು ನಗರಸಭೆಗೆ ಆಯ್ಕೆಯಾದಳು. ಫ್ರಾನ್ಸ್‌ನಲ್ಲಿ ಆಗ ಹೆಂಗಸರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ! ತಿಂಗಳುಗಳಲ್ಲೇ ಆಕೆಯ ಆಯ್ಕೆ ರದ್ದಾಯ್ತು. ಆ ಹಕ್ಕು ಸಿಕ್ಕಿದ್ದು 1944ರಲ್ಲಿ.

ಈಗ ರುಚಿ ನೋಡೋರು ‘ಚರ್ಮ ಹರಿದಿಲ್ಲ, ಜೋಡಣೆ ಚೆನ್ನಾಗಿದೆ’ ಅಂತ ಅಂಕ ಕೊಡ್ತಾರಲ್ಲ, ಆ ಅಂಕ ಮೀನಿಗಷ್ಟೇ ಅಲ್ಲ. ಜೋಡಿಸಿದ ಕೈಗೂ ಸೇರಿದ್ದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.