ಸುಲ್ತಾನಾಳ ನಾಡಿನಲ್ಲಿ ಕಾಣದ ಮುಖಗಳು

1905ರಲ್ಲಿ ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಝಿನ್’ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥನ ಪ್ರಕಟವಾಯಿತು. ಬರೆದವರು ಬೇಗಂ ರುಕಿಯಾ ಸಖಾವತ್ ಹುಸೇನ್. ಈಗ ಬಾಂಗ್ಲಾದೇಶದಲ್ಲಿರುವ ಪೈರಾಬಂದಿನಲ್ಲಿ ಹುಟ್ಟಿ, ಗೋಷಾದೊಳಗೆ ಬೆಳೆದು, ಅಣ್ಣನಿಂದ ಕದ್ದುಮುಚ್ಚಿ ಇಂಗ್ಲಿಷ್ ಕಲಿತವರು. 1908ರಲ್ಲಿ ಅದು ಪುಸ್ತಕವೂ ಆಯಿತು.

ಅವರು ಕಟ್ಟಿದ ಲೋಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅಲ್ಲಿ ಗಂಡಸರು ಮರ್ದಾನಾದೊಳಗೆ, ಹೆಂಗಸರು ಹೊರಗೆ. ಮೋಡದಿಂದಲೇ ನೀರು ಸೆಳೆದುಕೊಳ್ಳುವ ಬಲೂನು, ಬಿಸಿಲಿನ ಶಾಖದಿಂದ ಬೇಯುವ ಅಡುಗೆ, ವಿದ್ಯುತ್ತಿನಿಂದ ಉಳುಮೆ, ಹಾರುವ ವಾಹನ. ದಿನಕ್ಕೆ ಎರಡೇ ಗಂಟೆಯ ಕೆಲಸ. ಇಪ್ಪತ್ತೊಂದು ತುಂಬದೆ ಹುಡುಗಿಯರಿಗೆ ಮದುವೆಯಿಲ್ಲ.

ಆದರೆ ಕತೆ ಬರೆಯುವ ನಮ್ಮಂಥವರಿಗೆ ಒಂದು ಕೊರತೆ ಕಾಣದೆ ಇರದು. ಸುಲ್ತಾನಾ ಕೇಳುತ್ತಾಳೆ, ಸಿಸ್ಟರ್ ಸಾರಾ ಉತ್ತರಿಸುತ್ತಾಳೆ, ಅಷ್ಟೇ. ಸಾರಾಳಿಗೆ ಮನೆಯಲ್ಲಿ ಯಾರಿದ್ದಾರೆ, ಅವಳು ಯಾವುದಕ್ಕೆ ಅಳುತ್ತಾಳೆ? ತಿಳಿಯುವುದಿಲ್ಲ. ಒಂದು ವಿದ್ಯಾಪೀಠದ ಯಶಸ್ಸು ಕಂಡು ಇನ್ನೊಂದು ವಿದ್ಯಾಪೀಠದವರು ಅಸೂಯೆಪಟ್ಟರೆಂಬ ಮಾತು ಬರುತ್ತದೆ. ಅಲ್ಲೊಂದು ಕತೆಯಿತ್ತು, ಅದು ಬೆಳೆಯಲಿಲ್ಲ. ಹಗಲಿನಲ್ಲಿ ಬೀದಿಗಿಳಿದ ಸುಲ್ತಾನಾ ನಾಚಿ ಹೆಜ್ಜೆ ತಡವರಿಸುವ ಕಡೆ ಮಾತ್ರ ಒಬ್ಬ ಹೆಣ್ಣಿನ ಉಸಿರು ನಮ್ಮನ್ನು ತಟ್ಟುತ್ತದೆ.

ಇದಕ್ಕೆ ತಿರುವುಮುರುವಾದ ಬರಹ ನಮ್ಮ ಬಾದಾಮಿಯ ಬಂಡೆಯ ಮೇಲಿದೆ. ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನ ಹತ್ತೇ ಸಾಲಿನದು. ಅವನ ಊರಿನ ವರ್ಣನೆ ಅದರಲ್ಲಿಲ್ಲ. ಒಲಿದವರಿಗೆ ಅವನು ಹೇಗೆ, ಕೆಣಕಿದವರಿಗೆ ಹೇಗೆ ಎಂಬುದಷ್ಟೇ ಇದೆ. ಸಾವಿರದ ಮುನ್ನೂರು ವರ್ಷಗಳ ನಂತರವೂ ಆ ಮನುಷ್ಯ ನಮ್ಮೆದುರು ನಿಲ್ಲುತ್ತಾನೆ.

ಇದು ಬರೀ ಸಾಹಿತ್ಯದ ಮಾತಲ್ಲ. ಹಿಂಗಾರಿ ಮಳೆಗೆ ಮುಗಿಲು ನೋಡುವ ಹುನಗುಂದದ ರೈತ ಆ ಬಲೂನಿನ ಸುದ್ದಿ ಕೇಳಿದರೆ ಹಿಗ್ಗಿಯಾನು. ಮರುಗಳಿಗೆಯೇ ‘ಮೊದಲ ನೀರು ಯಾರ ಹೊಲಕ್ಕೆ?’ ಎಂದೂ ಕೇಳಿಯಾನು. ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಗಳು ಎರಡು ಗಂಟೆಯ ಕೆಲಸಕ್ಕೆ ಕೂಲಿ ಎಷ್ಟೆಂದು ವಿಚಾರಿಸಿಯಾಳು. ಇಂಥ ಪ್ರಶ್ನೆ ಕೇಳುವವರು ಒಳಗೆ ಬಂದಾಗಲೇ ಕನಸಿನ ನಾಡು ಜನರ ನಾಡಾಗುವುದು.

ಬಾಗಲಕೋಟೆ ಇದನ್ನು ಬದುಕಿ ಕಂಡಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಕೆಳಭಾಗವನ್ನು ನುಂಗಿದಾಗ, ಸೆಕ್ಟರು ಸೆಕ್ಟರಾಗಿ ನವನಗರ ಎದ್ದಿತು. ಅಗಲ ರಸ್ತೆ, ಅಳತೆಯ ನಿವೇಶನ, ನಕ್ಷೆಯಂತೆ ಎಲ್ಲವೂ ಬಂತು. ಮನೆಗೆ ಪರಿಹಾರ ಸಿಕ್ಕಿತು. ಗೋಡೆಗೆ ಗೋಡೆ ತಾಗಿದ ನೆರೆಹೊರೆಗೆ, ಹಬ್ಬಕ್ಕೆ ಹೋಳಿಗೆ, ಈದಿಗೆ ಶೀರ್‌ಖುರ್ಮಾ ದಾಟುತ್ತಿದ್ದ ಓಣಿಗೆ ಯಾವ ದರಪಟ್ಟಿಯೂ ಇರಲಿಲ್ಲ. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದೆ. ಅಂದರೆ ಇನ್ನಷ್ಟು ಊರುಗಳು ನಕ್ಷೆಗೆ ಸೇರಲಿವೆ. ಆ ನಕ್ಷೆ ಬರೆಯುವವರಿಗೆ ಅಲ್ಲಿನ ಜನರ ಮುಖ ಗೊತ್ತಿರಬೇಕೆಂದು ನಾವು ಹೇಳದಿದ್ದರೆ ಮತ್ತಾರು ಹೇಳಬೇಕು?

ರುಕಿಯಾ ತಮ್ಮ ಕನಸನ್ನು ಕನಸಾಗಿಯೇ ಬಿಡಲಿಲ್ಲ. ಗಂಡ ತೀರಿಕೊಂಡ 1909ರಲ್ಲೇ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1911ರಲ್ಲಿ ಕಲ್ಕತ್ತೆಯಲ್ಲಿ ಎಂಟೇ ಹುಡುಗಿಯರೊಂದಿಗೆ ಮತ್ತೆ ಮೊದಲುಮಾಡಿದರು. 1931ರ ‘ಅವರೋಧಬಾಸಿನಿ’ಯಲ್ಲಿ ಪರ್ದಾದೊಳಗೆ ಬೆಂದ ಹೆಂಗಸರ 47 ಪ್ರಸಂಗಗಳನ್ನು ಬರೆದಿಟ್ಟರು. ಸುಲ್ತಾನಾಳ ನಾಡಿನಲ್ಲಿ ಕಾಣದ ಮುಖಗಳೆಲ್ಲ ಅಲ್ಲಿವೆ. 1932ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಅವರ ಎರಡೂ ಪುಸ್ತಕಗಳನ್ನು ನಮ್ಮ ಹೆಣ್ಣುಮಕ್ಕಳು ಜೊತೆಯಾಗಿಟ್ಟು ಓದಬೇಕು: ಒಂದು ಎಲ್ಲಿಗೆ ಹೋಗಬೇಕೆಂದು ತೋರಿಸುತ್ತದೆ, ಇನ್ನೊಂದು ಯಾರನ್ನು ಬಿಟ್ಟು ಹೋಗಬಾರದೆಂದು.